ವಿಂಡೋಸ್ ಏಳುತ್ತಿಲ್ಲ, ರಿಕವರಿ ಮೋಡ್ ಕೂಡ ಬರುತ್ತಿಲ್ಲ: ಫಾರ್ಮ್ಯಾಟ್ ಮಾಡಿಸುವ ಮುಂಚೆ ಇಷ್ಟು ಮಾಡಿ ನೋಡಿ

"ಸಿಸ್ಟಮ್ ಸ್ಟಾರ್ಟ್ ಆಗ್ತಿಲ್ಲ, ಎಲ್ಲರೂ ರಿಕವರಿ ಮೋಡ್‌ಗೆ ಹೋಗಿ ಅಂತಾರೆ, ಅದೂ ಬರ್ತಿಲ್ಲ, ಈಗೇನ್ ಮಾಡ್ಲಿ?" ಈ ಪ್ರಶ್ನೆ ಎಷ್ಟು ಸಲ ಬಂದಿದೆ ಅಂದರೆ, ಪ್ರತಿಯೊಬ್ಬರಿಗೂ ಬೇರೆ ಬೇರೆ ಉತ್ತರ ಕೊಡುವ ಬದಲು ಒಂದೇ ಕಡೆ ಬರೆದುಬಿಡೋಣ ಅನ್ನಿಸಿತು. ಇಲ್ಲಿ ಹೇಳಿರುವುದು ವಿಂಡೋಸ್ 10 ಮತ್ತು 11 ಇರುವ ಲ್ಯಾಪ್‌ಟಾಪ್, ಡೆಸ್ಕ್‌ಟಾಪ್‌ಗಳಿಗೆ. ಮ್ಯಾಕ್‌ನ ದಾರಿ ಬೇರೆ, ಅದು ಇಲ್ಲಿಲ್ಲ.

ಮೊದಲು ರಿಕವರಿ ಮೋಡ್ ಅಂದರೆ ಏನು ಅಂತ ಎರಡು ಮಾತು. ವಿಂಡೋಸ್ ಕೈಕೊಟ್ಟಾಗ ಅದನ್ನು ಸರಿ ಮಾಡಲು ಇಟ್ಟಿರುವ ಇನ್ನೊಂದು ಪುಟ್ಟ ವಿಂಡೋಸ್ ಇದು. ಗೊತ್ತಿರುವವರು ವಿನ್‌ಆರ್‌ಇ ಅನ್ನುತ್ತಾರೆ. ಅದರ ಮುಖ್ಯ ಭಾಗವೆಲ್ಲ ಒಂದೇ ಫೈಲಿನಲ್ಲಿದೆ, ಹೆಸರು ವಿನ್‌ಆರ್‌ಇ ಡಾಟ್ ವಿಮ್. ಆ ಫೈಲು ಇರುವುದು ನಿಮ್ಮದೇ ಡಿಸ್ಕ್‌ನಲ್ಲಿ, ಸಾಮಾನ್ಯವಾಗಿ ಕಣ್ಣಿಗೆ ಕಾಣದ ಒಂದು ರಿಕವರಿ ಪಾರ್ಟಿಷನ್‌ನಲ್ಲಿ. ಪಾರ್ಟಿಷನ್ ಅಂದರೆ ಡಿಸ್ಕ್‌ನೊಳಗೆ ಬೇರೆ ಮಾಡಿಟ್ಟ ಒಂದು ಭಾಗ. ಹಾಗಾಗಿ ಡಿಸ್ಕ್ ಕೆಟ್ಟರೆ ವಿಂಡೋಸ್ ಜೊತೆ ಇದೂ ಹೋಯಿತು. ಬೀಗದ ಕೈ ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡ ಹಾಗೆ. ಆದರೆ ಇದೇ ರಿಕವರಿ ಮೋಡ್ ಅನ್ನು ಪೆನ್‌ಡ್ರೈವ್‌ನಿಂದಲೂ ತರಬಹುದು, ಈ ಲೇಖನದ ಮುಕ್ಕಾಲು ಭಾಗ ಅದರ ಬಗ್ಗೆಯೇ.

ಬೇಕಾಗುವುದು: ಸರಿಯಾಗಿ ಕೆಲಸ ಮಾಡುವ ಇನ್ನೊಂದು ಕಂಪ್ಯೂಟರ್, ಕನಿಷ್ಠ 8 ಜಿಬಿ ಪೆನ್‌ಡ್ರೈವ್ ಒಂದು, ಫೈಲ್ ಉಳಿಸಿಕೊಳ್ಳಲು ಇನ್ನೊಂದು ಪೆನ್‌ಡ್ರೈವ್ ಅಥವಾ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್, ಮತ್ತು ಬಿಟ್‌ಲಾಕರ್ ಕೀ. ಬಿಟ್‌ಲಾಕರ್ ಅಂದರೆ ಡಿಸ್ಕ್‌ಗೆ ವಿಂಡೋಸ್ ಹಾಕುವ ಬೀಗ, ಅದರ ಬಗ್ಗೆ ಮುಂದೆ ಹೇಳುತ್ತೇನೆ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಯೇ ಕೂತುಕೊಳ್ಳಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇರಲಿ, ರಿಪೇರಿ ಅರ್ಧದಲ್ಲಿರುವಾಗ ಕರೆಂಟ್ ಹೋದರೆ ಇರುವ ತೊಂದರೆಯ ಮೇಲೆ ಇನ್ನೊಂದು.

1. ಎಲ್ಲಿ ನಿಂತಿದೆ ಅಂತ ಮೊದಲು ನೋಡಿ

ಯಾವ ಕೀಲಿಯನ್ನೂ ಒತ್ತಬೇಡಿ. ಆನ್ ಮಾಡಿ, ಸುಮ್ನೆ ನೋಡಿ. ಕಂಪನಿ ಲೋಗೋ ಬರುತ್ತದೆಯೇ? ಬಂದಮೇಲೆ ಚುಕ್ಕೆಗಳು ಸುತ್ತುತ್ತವೆಯೇ? "ಪ್ರಿಪೇರಿಂಗ್ ಆಟೊಮ್ಯಾಟಿಕ್ ರಿಪೇರ್" ಅಂತ ತೋರಿಸಿ ಮತ್ತೆ ಕಪ್ಪಾಗುತ್ತದೆಯೇ? ಅಥವಾ "ನೋ ಬೂಟೆಬಲ್ ಡಿವೈಸ್" ಅನ್ನುತ್ತದೆಯೇ? ಸ್ಕ್ರೀನ್ ಮೇಲೆ ಏನೇ ಬಂದರೂ ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆದಿಡಿ. ಫೋನ್ ಮಾಡಿ "ಏನೋ ಎರರ್ ಬಂತು, ಹೋಯ್ತು" ಅಂದರೆ ಯಾರೂ ಸಹಾಯ ಮಾಡಲಾರರು.

ಲೋಗೋನೂ ಬರುತ್ತಿಲ್ಲ ಅಂದರೆ ಇದು ವಿಂಡೋಸ್ ಸಮಸ್ಯೆಯೇ ಅಲ್ಲ, ವಿಂಡೋಸ್ ಸರದಿ ಇನ್ನೂ ಬಂದಿಲ್ಲ. ಕ್ಯಾಪ್ಸ್‌ಲಾಕ್ ಒತ್ತಿ ನೋಡಿ. ಒತ್ತಿದಾಗಲೆಲ್ಲ ಲೈಟ್ ಹತ್ತಿ ಆರುತ್ತಿದ್ದರೆ ಒಳಗೆ ಮೆಷಿನ್ ಜೀವಂತವಾಗಿದೆ, ಬಹುಶಃ ಡಿಸ್‌ಪ್ಲೇ ಕಡೆ ತೊಂದರೆ. ಟಿವಿಗೋ ಬೇರೆ ಮಾನಿಟರ್‌ಗೋ ಕೇಬಲ್ ಹಾಕಿ ನೋಡಿ. ಲೈಟೂ ಇಲ್ಲದಿದ್ದರೆ ಚಾರ್ಜರ್ ಕಿತ್ತು, ಬ್ಯಾಟರಿ ತೆಗೆಯಲು ಬರುವಂತಿದ್ದರೆ ಅದನ್ನೂ ತೆಗೆದು, ಪವರ್ ಬಟನ್ ಅನ್ನು 30 ಸೆಕೆಂಡ್ ಒತ್ತಿಹಿಡಿದು, ಮತ್ತೆ ಚಾರ್ಜರ್ ಮಾತ್ರ ಹಾಕಿ ಆನ್ ಮಾಡಿ. ಡೆಸ್ಕ್‌ಟಾಪ್ ಆದರೆ ಪವರ್ ಕೇಬಲ್ ಕಿತ್ತು, ರ್‍ಯಾಮ್ ತೆಗೆದು ಗಟ್ಟಿಯಾಗಿ ಮತ್ತೆ ಕೂರಿಸಿ. ಇಷ್ಟಕ್ಕೂ ಬಗ್ಗದಿದ್ದರೆ ಮುಂದಿನ ಹಂತಗಳಿಂದ ನಿಮಗೆ ಉಪಯೋಗವಿಲ್ಲ, ಹಾರ್ಡ್‌ವೇರ್ ನೋಡುವವರ ಹತ್ತಿರ ಹೋಗಿ.

ಇಲ್ಲೊಂದು ಎಚ್ಚರಿಕೆ. ಹಳೆಯ ತಿರುಗುವ ಹಾರ್ಡ್ ಡಿಸ್ಕ್‌ನಿಂದ ಟಕ್ ಟಕ್ ಅಂತ ಒಂದೇ ಸಮನೆ ಸದ್ದು ಬರುತ್ತಿದ್ದರೆ ತಕ್ಷಣ ಆಫ್ ಮಾಡಿ. ಪದೇ ಪದೇ ಆನ್ ಮಾಡಿದಷ್ಟೂ ಅದರಲ್ಲಿರುವುದು ಕೈತಪ್ಪುತ್ತದೆ.

2. ಹೊರಗಿನದೆಲ್ಲ ಕಿತ್ತುಹಾಕಿ

ಪ್ರಿಂಟರ್, ಪೆನ್‌ಡ್ರೈವ್, ಡಾಂಗಲ್, ಎಕ್ಸ್‌ಟರ್ನಲ್ ಡಿಸ್ಕ್, ಮೆಮೊರಿ ಕಾರ್ಡ್, ಎಲ್ಲವನ್ನೂ ತೆಗೆಯಿರಿ. ಮರೆತು ಬಿಟ್ಟ ಪೆನ್‌ಡ್ರೈವ್‌ನಿಂದಲೇ ಬೂಟ್ ಆಗಲು ಹೋಗಿ ನಿಂತುಬಿಡುವ ಸಿಸ್ಟಮ್‌ಗಳು ಬೇಕಾದಷ್ಟಿವೆ. ಬೂಟ್ ಅಂದರೆ ಆನ್ ಮಾಡಿದ ಕ್ಷಣದಿಂದ ವಿಂಡೋಸ್ ಪೂರ್ತಿ ತೆರೆದುಕೊಳ್ಳುವವರೆಗಿನ ಕೆಲಸ.

ವೈರ್‌ಲೆಸ್ ಕೀಬೋರ್ಡ್ ಇದ್ದರೆ ಬದಿಗಿಟ್ಟು ವೈರ್ ಇರುವುದನ್ನು ಹಾಕಿ, ಅದೂ ಡೆಸ್ಕ್‌ಟಾಪ್‌ನ ಹಿಂಬದಿಯ ಪೋರ್ಟ್‌ಗೆ. ಬ್ಲೂಟೂತ್ ಕೀಬೋರ್ಡ್‌ನಲ್ಲಿ ಎಫ್12 ಎಷ್ಟು ಕುಟ್ಟಿದರೂ ಆ ಹೊತ್ತಿಗೆ ಕಂಪ್ಯೂಟರ್‌ಗೆ ಅದು ಕೇಳಿಸುವುದೇ ಇಲ್ಲ.

3. ಒಳಗಿರುವ ರಿಕವರಿ ಮೋಡ್ ಅನ್ನು ಎಬ್ಬಿಸಿ

ಎಫ್8 ಒತ್ತುವುದನ್ನು ಬಿಟ್ಟುಬಿಡಿ. ವಿಂಡೋಸ್ 7ರ ಕಾಲಕ್ಕೆ ಅದು ಸರಿ. ವಿಂಡೋಸ್ 8ರಿಂದ ಈಚೆಗೆ ಆ ಕೀಲಿ ತಾನಾಗಿ ಕೆಲಸ ಮಾಡುವುದಿಲ್ಲ, ಆದರೂ ಅರ್ಧ ಯೂಟ್ಯೂಬ್ ಅದನ್ನೇ ಹೇಳುತ್ತಿದೆ.

ಲಾಗಿನ್ ಸ್ಕ್ರೀನ್‌ವರೆಗೆ ಬರುತ್ತಿದ್ದರೆ ಸುಲಭ. ಕೆಳಗಿನ ಮೂಲೆಯಲ್ಲಿರುವ ಪವರ್ ಗುರುತು ಒತ್ತಿ, ಶಿಫ್ಟ್ ಕೀಲಿ ಹಿಡಿದುಕೊಂಡೇ ರೀಸ್ಟಾರ್ಟ್ ಒತ್ತಿ. ನೀಲಿ ಮೆನು ಬರುತ್ತದೆ.

ಅಲ್ಲಿಯವರೆಗೂ ಬರುತ್ತಿಲ್ಲ ಅಂದರೆ ವಿಂಡೋಸ್‌ಗೆ "ನಾನು ಸರಿಯಾಗಿ ಏಳುತ್ತಿಲ್ಲ" ಅಂತ ಅದಕ್ಕೇ ಗೊತ್ತಾಗುವ ಹಾಗೆ ಮಾಡಬೇಕು. ಆನ್ ಮಾಡಿ, ಚುಕ್ಕೆಗಳು ಸುತ್ತಲು ಶುರುವಾದ ಕೂಡಲೇ ಪವರ್ ಬಟನ್ ಅನ್ನು 10 ಸೆಕೆಂಡ್ ಒತ್ತಿಹಿಡಿದು ಆಫ್ ಮಾಡಿ. ಮತ್ತೊಮ್ಮೆ ಹಾಗೇ ಮಾಡಿ. ಎರಡು ಸಲ ಸಾಲಾಗಿ ವಿಫಲವಾದರೆ ಮೂರನೇ ಸಲಕ್ಕೆ ಅದು ತಾನೇ ರಿಪೇರಿ ಮೆನುಗೆ ಹೋಗಬೇಕು. ಆದರೆ ಸ್ಕ್ರೀನ್ ಮೇಲೆ ಅಪ್‌ಡೇಟ್ ನಡೆಯುತ್ತಿದೆ, ಆಫ್ ಮಾಡಬೇಡಿ ಅಂತ ಇದ್ದರೆ ಈ ಆಟ ಬೇಡ. ಅಂಥ ಹೊತ್ತಲ್ಲಿ ಗಂಟೆಗಟ್ಟಲೆ ಕಾಯುವುದೇ ವಾಸಿ.

ಹೀಗೆ ಮಾಡಿದರೂ ಬರಲಿಲ್ಲವೇ? ಕಾರಣ ಹೆಚ್ಚಾಗಿ ಇವುಗಳಲ್ಲಿ ಒಂದಿರುತ್ತದೆ. ಸಿ ಡ್ರೈವ್ ದೊಡ್ಡದು ಮಾಡಲು ಹೋಗಿ ಯಾರೋ ಆ ರಿಕವರಿ ಪಾರ್ಟಿಷನ್ ಅಳಿಸಿರುತ್ತಾರೆ. ಹಳೆ ಹಾರ್ಡ್ ಡಿಸ್ಕ್‌ನಿಂದ ಎಸ್‌ಎಸ್‌ಡಿಗೆ ಕ್ಲೋನ್, ಅಂದರೆ ಇದ್ದದ್ದನ್ನು ಇದ್ದ ಹಾಗೇ ನಕಲು, ಮಾಡುವಾಗ ಅದನ್ನು ಬಿಟ್ಟಿರುತ್ತಾರೆ. ಇಲ್ಲವೇ ಅಂಗಡಿಯಲ್ಲಿ ಹಾಕಿಕೊಟ್ಟದ್ದು "ಲೈಟ್" ಹೆಸರಿನ ಕದ್ದ ವಿಂಡೋಸ್ ಆಗಿರುತ್ತದೆ; ಅಂಥವುಗಳಲ್ಲಿ ಜಾಗ ಉಳಿಸಲು ಮೊದಲು ಕಿತ್ತುಹಾಕುವ ವಸ್ತುಗಳಲ್ಲಿ ರಿಕವರಿಯೂ ಒಂದು. ಇಲ್ಲವೇ ಡಿಸ್ಕೇ ಕೈಕೊಟ್ಟಿರುತ್ತದೆ.

ಇನ್ನೊಂದು ವಿಚಿತ್ರ ಪ್ರಸಂಗವೂ ಇದೆ: ಮೆನು ಬರುತ್ತದೆ, ಆದರೆ ಮೌಸೂ ಅಲ್ಲಾಡಲ್ಲ, ಕೀಬೋರ್ಡೂ ಕೇಳಲ್ಲ. 2025ರ ಅಕ್ಟೋಬರ್ 14ರಂದು ಬಂದ ಕೆಬಿ5066835 ಅಪ್‌ಡೇಟ್ ವಿಂಡೋಸ್ 11ರಲ್ಲಿ ಇದನ್ನೇ ಮಾಡಿತ್ತು. ವಿಂಡೋಸ್ ಒಳಗೆ ಎಲ್ಲ ಸರಿ, ರಿಕವರಿಯಲ್ಲಿ ಮಾತ್ರ ಯುಎಸ್‌ಬಿ ಮೌಸ್, ಕೀಬೋರ್ಡ್ ಸತ್ತವು. ಅಕ್ಟೋಬರ್ 20ಕ್ಕೆ ಕೆಬಿ5070773 ಅನ್ನುವ ತುರ್ತು ಅಪ್‌ಡೇಟ್ ಕೊಟ್ಟು ಸರಿಪಡಿಸಿದರು. ಆದರೆ ಏಳದೇ ಇರುವ ಸಿಸ್ಟಮ್‌ಗೆ ಅಪ್‌ಡೇಟ್ ಹಾಕುವುದು ಹೇಗೆ, ಅಲ್ವಾ? ನಿಮ್ಮದು ಆ ಅಪ್‌ಡೇಟ್ ಆದಮೇಲೆ ಮತ್ತೆ ಅಪ್‌ಡೇಟ್ ಆಗಿಯೇ ಇಲ್ಲದಿದ್ದರೆ ಟಚ್‌ಸ್ಕ್ರೀನ್ ಇದ್ದಲ್ಲಿ ಅದನ್ನು ಬಳಸಿ, ಡೆಸ್ಕ್‌ಟಾಪ್ ಹಿಂದೆ ಹಳೆಯ ದುಂಡನೆಯ ಪಿಎಸ್2 ಪೋರ್ಟ್ ಇದ್ದರೆ ಅಂಥ ಕೀಬೋರ್ಡ್ ಹುಡುಕಿ ಹಾಕಿ. ಎರಡೂ ಇಲ್ಲದಿದ್ದರೆ ಪೆನ್‌ಡ್ರೈವೇ ಗತಿ.

4. ಬಿಟ್‌ಲಾಕರ್ ಕೀ ಕೈಯಲ್ಲಿಟ್ಟುಕೊಳ್ಳಿ

ಇದನ್ನು ಹಾರಿಸಬೇಡಿ. "ನಾನು ಯಾವತ್ತೂ ಬಿಟ್‌ಲಾಕರ್ ಹಾಕಿಲ್ಲ" ಅನ್ನುವವರೇ ಜಾಸ್ತಿ, ಆದರೆ ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಶುರು ಮಾಡಿದ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್‌ಗೆ ಬೀಗ ತಾನಾಗಿಯೇ ಬಿದ್ದಿರುತ್ತದೆ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಇದು ಇನ್ನೂ ಹೆಚ್ಚಾಗಿದೆ. ರಿಕವರಿ ಮೋಡ್‌ನಲ್ಲಿ ಡಿಸ್ಕ್ ಮುಟ್ಟಲು ಹೋದಾಗ 48 ಅಂಕಿಗಳ ಕೀ ಕೇಳುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಅನ್ನುವ ಭದ್ರತಾ ಸಾಫ್ಟ್‌ವೇರ್ ಕಂಪನಿಯ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಮೆಷಿನ್‌ಗಳು ನೀಲಿ ಪರದೆಗೆ ನಿಂತಾಗ, ಸೇಫ್ ಮೋಡ್‌ಗೆ (ತೀರಾ ಬೇಕಾದಷ್ಟನ್ನು ಮಾತ್ರ ಓಡಿಸುವ ವಿಂಡೋಸ್) ಹೋಗಿ ಒಂದು ಫೈಲ್ ಅಳಿಸಿದರೆ ಕೆಲಸ ಮುಗಿಯುತ್ತಿತ್ತು. ಬಹಳ ಆಫೀಸ್‌ಗಳಲ್ಲಿ ತಡವಾದದ್ದು ಈ ಕೀ ಹುಡುಕುವುದರಲ್ಲಿ.

ಮೊಬೈಲ್‌ನಲ್ಲೇ ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ಗೆ ಲಾಗಿನ್ ಆಗಿ, ಡಿವೈಸಸ್ ಕೆಳಗೆ ನಿಮ್ಮ ಕಂಪ್ಯೂಟರ್ ಹೆಸರು ಹುಡುಕಿ, ರಿಕವರಿ ಕೀ ನೋಡಿ. ಒಂದಕ್ಕಿಂತ ಹೆಚ್ಚು ಕೀ ಇದ್ದರೆ ಸ್ಕ್ರೀನ್ ಮೇಲೆ ತೋರಿಸುವ ಕೀ ಐಡಿಯ ಮೊದಲ 8 ಅಕ್ಷರ ತಾಳೆ ಹಾಕಿ. ಲ್ಯಾಪ್‌ಟಾಪ್ ಅನ್ನು ಮೊದಲ ಸಲ ಆನ್ ಮಾಡಿದ್ದು ಮಗನೋ ಅಂಗಡಿಯವರೋ ಆಗಿದ್ದರೆ ಕೀ ಅವರ ಅಕೌಂಟ್‌ನಲ್ಲಿರುತ್ತದೆ, ಅವರನ್ನೇ ಕೇಳಬೇಕು. ಆಫೀಸ್ ಲ್ಯಾಪ್‌ಟಾಪ್ ಆದರೆ ಐಟಿಯವರ ಹತ್ತಿರ.

ಕೀ ಸಿಗುವ ಮುಂಚೆ ಬಯೋಸ್ ಒಳಗೆ ಏನನ್ನೂ ಬದಲಿಸಬೇಡಿ. ಬಯೋಸ್ ಅಂದರೆ ವಿಂಡೋಸ್‌ಗಿಂತ ಮೊದಲು ಏಳುವ, ಮದರ್‌ಬೋರ್ಡ್‌ನಲ್ಲೇ ಇರುವ ಸೆಟ್ಟಿಂಗ್ಸ್. ಅಲ್ಲಿರುವ ಸೆಕ್ಯೂರ್ ಬೂಟ್ ಅನ್ನುವ ಭದ್ರತೆಯನ್ನು ಆಫ್ ಮಾಡಿದಿರೋ, ಇಲ್ಲಿಯವರೆಗೆ ಕೇಳದ ಕೀಯನ್ನೂ ಕೇಳಲು ಶುರು ಮಾಡಬಹುದು.

5. ಪೆನ್‌ಡ್ರೈವ್ ತಯಾರಿಸಿ

ಇನ್ನೊಂದು ಕಂಪ್ಯೂಟರ್‌ನಲ್ಲಿ ಮೈಕ್ರೋಸಾಫ್ಟ್‌ನದೇ ತಾಣದಿಂದ ಮೀಡಿಯಾ ಕ್ರಿಯೇಶನ್ ಟೂಲ್ ಇಳಿಸಿಕೊಳ್ಳಿ. ಉಚಿತ. ನಿಮ್ಮಲ್ಲಿ ಯಾವ ವಿಂಡೋಸ್ ಇದೆಯೋ ಅದರದ್ದೇ ಟೂಲ್ ತೆಗೆದುಕೊಳ್ಳಿ. ಪೆನ್‌ಡ್ರೈವ್‌ನಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ, ಮದುವೆ ಫೋಟೊ ಇರುವ ಪೆನ್‌ಡ್ರೈವ್ ಹಾಕಬೇಡಿ. ಕೆಲವರು ವಿಂಡೋಸ್ ಹಾಕಲು ಬೇಕಾದದ್ದೆಲ್ಲ ಒಂದರಲ್ಲೇ ಇರುವ ಐಎಸ್‌ಒ ಫೈಲ್ ಇಳಿಸಿಕೊಂಡು ಅದನ್ನು ಹಾಗೇ ಪೆನ್‌ಡ್ರೈವ್‌ಗೆ ಕಾಪಿ ಮಾಡುತ್ತಾರೆ. ಅದರಿಂದ ಬೂಟ್ ಆಗುವುದಿಲ್ಲ.

ಈಗ ಅದನ್ನು ಕೆಟ್ಟ ಸಿಸ್ಟಮ್‌ಗೆ ಹಾಕಿ, ಆನ್ ಮಾಡಿದ ಕೂಡಲೇ ಬೂಟ್ ಮೆನು ಕೀಲಿಯನ್ನು ಬಿಟ್ಟು ಬಿಟ್ಟು ಒತ್ತುತ್ತಾ ಇರಿ. ಡೆಲ್, ಲೆನೊವೊ, ಏಸರ್‌ಗಳಲ್ಲಿ ಸಾಮಾನ್ಯವಾಗಿ ಎಫ್12. ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಆಮೇಲೆ ಎಫ್9. ಆಸುಸ್ ಲ್ಯಾಪ್‌ಟಾಪ್‌ನಲ್ಲಿ ಎಸ್ಕೇಪ್, ಆಸುಸ್ ಮದರ್‌ಬೋರ್ಡ್‌ನಲ್ಲಿ ಎಫ್8. ಗಿಗಾಬೈಟ್ ಬೋರ್ಡ್‌ಗೆ ಎಫ್12, ಎಂಎಸ್‌ಐಗೆ ಎಫ್11. ಏಸರ್‌ನಲ್ಲಿ ಕೆಲವೊಮ್ಮೆ ಬಯೋಸ್ ಒಳಗೆ ಎಫ್12 ಬೂಟ್ ಮೆನು ಅನ್ನುವುದನ್ನು ಮೊದಲು ಆನ್ ಮಾಡಬೇಕು. ಲ್ಯಾಪ್‌ಟಾಪ್‌ನಲ್ಲಿ ಎಫ್ ಕೀಲಿ ಒತ್ತಿದರೆ ಬರೀ ಸೌಂಡ್, ಬ್ರೈಟ್‌ನೆಸ್ ಬದಲಾಗುವಂಥದ್ದಾದರೆ ಎಫ್ಎನ್ ಕೀಲಿಯನ್ನೂ ಜೊತೆಗೆ ಹಿಡಿಯಿರಿ.

ಮೆನುವಿನಲ್ಲಿ ಪೆನ್‌ಡ್ರೈವ್ ಹೆಸರು ಆರಿಸಿದರೆ ವಿಂಡೋಸ್ ಹಾಕುವ ಪರದೆ ಬರುತ್ತದೆ. ಇಲ್ಲಿ ಬಹಳ ಜನ ಎಡವುತ್ತಾರೆ: ಇನ್‌ಸ್ಟಾಲ್ ಒತ್ತಬೇಡಿ! ಹಳೆಯ ಪರದೆಯಾದರೆ ಭಾಷೆ ಆರಿಸಿ ನೆಕ್ಸ್ಟ್ ಒತ್ತಿದ ಮೇಲೆ ಎಡಗಡೆ ಕೆಳಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ "ರಿಪೇರ್ ಯುವರ್ ಕಂಪ್ಯೂಟರ್" ಅಂತ ಇರುತ್ತದೆ. 24ಎಚ್2ರಿಂದ ಈಚಿನದಾದರೆ ಭಾಷೆ, ಕೀಬೋರ್ಡ್ ಆರಿಸಿದ ಮೇಲೆ "ರಿಪೇರ್ ಮೈ ಪಿಸಿ" ಅನ್ನುವ ಆಯ್ಕೆ ಎದುರಿಗೇ ಬರುತ್ತದೆ. ಅದನ್ನು ಒತ್ತಿದರೆ ಒಳಗಿನಿಂದ ಬಾರದೇ ಇದ್ದ ಅದೇ ನೀಲಿ ಮೆನು, ಈಗ ಹೊರಗಿನಿಂದ.

6. ಮೊದಲು ಫೈಲ್ ಉಳಿಸಿಕೊಳ್ಳಿ, ರಿಪೇರಿ ಆಮೇಲೆ

ಮೆನು ಬಂತು ಅಂತ ಖುಷಿಯಲ್ಲಿ ರಿಪೇರಿ ಒತ್ತಬೇಡಿ. ಡಿಸ್ಕ್ ಸಾಯುತ್ತಿದ್ದರೆ ರಿಪೇರಿ ಹೊರೆಗೇ ಅದು ಪೂರ್ತಿ ನಿಲ್ಲಬಹುದು. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಕಮಾಂಡ್ ಪ್ರಾಂಪ್ಟ್ ಅಂತ ಹೋಗಿ. ಕಪ್ಪು ಕಿಟಕಿ ತೆರೆದುಕೊಳ್ಳುತ್ತದೆ. ಅಲ್ಲಿ ನೋಟ್‌ಪ್ಯಾಡ್ ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ಹೌದು, ಮಾಮೂಲಿ ನೋಟ್‌ಪ್ಯಾಡ್! ಅದರಲ್ಲಿ ಫೈಲ್, ಓಪನ್ ಒತ್ತಿ, ಕೆಳಗೆ "ಆಲ್ ಫೈಲ್ಸ್" ಆರಿಸಿ. ಈಗ ನಿಮ್ಮ ಡ್ರೈವ್‌ಗಳೆಲ್ಲ ಅದೇ ಪುಟ್ಟ ಕಿಟಕಿಯಲ್ಲಿ ಕಾಣುತ್ತವೆ. ಬೇಕಾದ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಕಾಪಿ, ಎರಡನೇ ಪೆನ್‌ಡ್ರೈವ್‌ಗೆ ಹೋಗಿ ಪೇಸ್ಟ್. ಎಷ್ಟು ಮುಗಿಯಿತು ಅಂತ ಪಟ್ಟಿ ಏನೂ ತೋರಿಸದೇ ಇರಬಹುದು. ಕಿಟಕಿ ಅಲ್ಲಾಡದೆ ನಿಂತರೆ ಕೆಟ್ಟುಹೋಯಿತು ಅಂದುಕೊಳ್ಳದೆ ಕಾಯಿರಿ.

ಇಲ್ಲಿ ಡ್ರೈವ್ ಅಕ್ಷರಗಳು ಅದಲುಬದಲಾಗಿರುತ್ತವೆ. ನಿಮ್ಮ ಸಿ ಇಲ್ಲಿ ಡಿ ಆಗಿರಬಹುದು. ಎಕ್ಸ್ ಅಂತ ಕಾಣುವುದು ರಿಕವರಿಯದೇ ತಾತ್ಕಾಲಿಕ ಡ್ರೈವ್, ಅದರಲ್ಲಿ ನಿಮ್ಮದೇನೂ ಇಲ್ಲ.

ಯೂಸರ್ಸ್ ಒಳಗೆ ನಿಮ್ಮ ಹೆಸರಿನ ಫೋಲ್ಡರ್‌ನಲ್ಲಿ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಇರುತ್ತವೆ. ಇಷ್ಟಕ್ಕೇ ನಿಲ್ಲಿಸಬೇಡಿ. ಟ್ಯಾಲಿ ಬಳಸುವವರು ಅದರ ಡೇಟಾ ಫೋಲ್ಡರ್ ಹುಡುಕಿ, ಟ್ಯಾಲಿ ಪ್ರೈಮ್ ಆದರೆ ಯೂಸರ್ಸ್ ಒಳಗಿನ ಪಬ್ಲಿಕ್‌ನಲ್ಲಿ ಇರುವುದೇ ಹೆಚ್ಚು. ನುಡಿ, ಬರಹ ಬಳಸಿ ವರ್ಷಗಟ್ಟಲೆ ಟೈಪ್ ಮಾಡಿರುವ ಡಿಟಿಪಿಯವರು ಫೈಲ್‌ಗಳ ಜೊತೆ ಹಳೆಯ ಫಾಂಟ್‌ಗಳನ್ನೂ ಉಳಿಸಿಕೊಳ್ಳಿ. ಯೂನಿಕೋಡ್‌ಗೆ ಮುಂಚಿನ ಆ ಫೈಲ್‌ಗಳು ಅದೇ ಫಾಂಟ್ ಇಲ್ಲದಿದ್ದರೆ ತೆರೆದಾಗ ಬರೀ ಗಜಿಬಿಜಿ ಅಕ್ಷರ.

ಡ್ರೈವೇ ಕಾಣುತ್ತಿಲ್ಲವೇ? ಬಯೋಸ್‌ಗೆ ಹೋಗಿ ಅಲ್ಲಿ ಡಿಸ್ಕ್ ಹೆಸರು ಇದೆಯೇ ನೋಡಿ, ಏನನ್ನೂ ಬದಲಿಸದೆ. ಅಲ್ಲೂ ಇಲ್ಲ ಅಂದರೆ ಡಿಸ್ಕ್ ಅಥವಾ ಅದರ ಕನೆಕ್ಷನ್ ಹೋಗಿದೆ. ಅಲ್ಲಿದೆ, ಇಲ್ಲಿಲ್ಲ ಅಂದರೆ ಇಂಟೆಲ್ 11ನೇ ಪೀಳಿಗೆಯಿಂದ ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ನೋಡಿಕೊಳ್ಳುವ ವಿಎಂಡಿ ಅನ್ನುವ ವ್ಯವಸ್ಥೆ ಇದಕ್ಕೆ ಕಾರಣವಾಗಿರಬಹುದು. ಲ್ಯಾಪ್‌ಟಾಪ್ ಕಂಪನಿಯ ತಾಣದಲ್ಲಿ ನಿಮ್ಮ ಮಾಡೆಲ್‌ಗೆ ಕೊಟ್ಟಿರುವ ಇಂಟೆಲ್ ರ್‍ಯಾಪಿಡ್ ಸ್ಟೋರೇಜ್ ಡ್ರೈವರ್ ಅನ್ನು ಎಕ್ಸ್‌ಟ್ರಾಕ್ಟ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿ, ಇನ್‌ಸ್ಟಾಲ್ ಪರದೆಯ "ಲೋಡ್ ಡ್ರೈವರ್" ಮೂಲಕ ತೋರಿಸಿದರೆ ಡಿಸ್ಕ್ ಕಾಣಿಸಿಕೊಳ್ಳುತ್ತದೆ. ಆಗ ಮುಂದುವರಿಯದೆ ಅಲ್ಲೇ ಶಿಫ್ಟ್ ಮತ್ತು ಎಫ್10 ಒತ್ತಿದರೆ ಅದೇ ಕಪ್ಪು ಕಿಟಕಿ ಸಿಗುತ್ತದೆ.

7. ಈಗ ರಿಪೇರಿ, ಈ ಕ್ರಮದಲ್ಲಿ

ಹಗುರವಾದದ್ದರಿಂದ ಶುರು ಮಾಡಿ. ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಸ್ಟಾರ್ಟಪ್ ರಿಪೇರ್ ಒಂದು ಸಲ ಓಡಿಸಿ. ಹೆಚ್ಚು ಆಸೆ ಬೇಡ, ಆದರೆ ಹಾನಿಯಿಲ್ಲ. ನಿನ್ನೆ ಮೊನ್ನೆ ಅಪ್‌ಡೇಟ್ ಆದಮೇಲೆ ತೊಂದರೆ ಶುರುವಾಗಿದ್ದರೆ "ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್" ಒಳಗೆ ಕ್ವಾಲಿಟಿ ಅಪ್‌ಡೇಟ್ ತೆಗೆದುಹಾಕಿ ನೋಡಿ. ನನ್ನ ಅನುಭವದಲ್ಲಿ ಜಾಸ್ತಿ ಕೆಲಸಕ್ಕೆ ಬರುವುದು ಇದು ಮತ್ತು ಸಿಸ್ಟಮ್ ರಿಸ್ಟೋರ್. ರಿಸ್ಟೋರ್ ನಿಮ್ಮ ಡಾಕ್ಯುಮೆಂಟ್‌ಗಳನ್ನು ಮುಟ್ಟುವುದಿಲ್ಲ, ವಿಂಡೋಸ್ ಸೆಟ್ಟಿಂಗ್ಸ್, ಡ್ರೈವರ್, ಪ್ರೋಗ್ರಾಮ್‌ಗಳನ್ನು ಹಳೆಯ ದಿನಕ್ಕೆ ಒಯ್ಯುತ್ತದೆ.

ಆಗಲಿಲ್ಲವೆಂದರೆ ಕಮಾಂಡ್. ಅಕ್ಷರಗಳನ್ನು ಬಿಡಿಸಿ ಹೇಳುತ್ತೇನೆ, ಇಂಗ್ಲಿಷ್‌ನಲ್ಲಿ ಸೇರಿಸಿ ಟೈಪ್ ಮಾಡಿ, ಅಡ್ಡಗೆರೆ ಹಾಕಬೇಡಿ. ಡಿಸ್ಕ್‌ನ ಫೈಲ್ ವ್ಯವಸ್ಥೆ ಸರಿಪಡಿಸಲು ಸಿ-ಎಚ್-ಕೆ-ಡಿ-ಎಸ್-ಕೆ, ಸ್ಪೇಸ್, ಸಿ ಮತ್ತು ಕೋಲನ್, ಸ್ಪೇಸ್, ಸ್ಲ್ಯಾಷ್ ಎಫ್. ವಿಂಡೋಸ್ ಇರುವ ಡ್ರೈವ್ ಇಲ್ಲಿ ಡಿ ಆಗಿದ್ದರೆ ಸಿ ಬದಲು ಡಿ.

"ನೋ ಬೂಟೆಬಲ್ ಡಿವೈಸ್" ಅಂತಲೋ, ಬೂಟ್ ಕಾನ್ಫಿಗರೇಶನ್ ಡೇಟಾ ಇಲ್ಲ ಅಂತಲೋ ಬರುತ್ತಿದ್ದು ಡಿಸ್ಕ್ ಮಾತ್ರ ಸರಿಯಿದ್ದರೆ, ವಿಂಡೋಸ್‌ಗೆ ದಾರಿ ತೋರಿಸುವ ಬೂಟ್ ಫೈಲ್‌ಗಳು ಹಾಳಾಗಿರುತ್ತವೆ. ಬೂಟ್‌ರೆಕ್, ಫಿಕ್ಸ್‌ಬೂಟ್ ಅಂತ ಎಲ್ಲರೂ ಹೇಳುವ ಕಮಾಂಡ್ ಈಗಿನ ಯುಇಎಫ್‌ಐ (ಹೊಸ ಬಗೆಯ ಬಯೋಸ್) ಸಿಸ್ಟಮ್‌ಗಳಲ್ಲಿ ಹೆಚ್ಚಾಗಿ "ಆ್ಯಕ್ಸೆಸ್ ಡಿನೈಡ್" ಅಂದು ಕೈತೊಳೆದುಕೊಳ್ಳುತ್ತದೆ. ಬದಲಿಗೆ ಹೀಗೆ ಮಾಡಿ. ಡಿಸ್ಕ್‌ಪಾರ್ಟ್ ಅಂತ ಟೈಪ್ ಮಾಡಿ ಎಂಟರ್. ಆಮೇಲೆ ಲಿಸ್ಟ್, ಸ್ಪೇಸ್, ವಾಲ್ಯೂಮ್. ಪಟ್ಟಿಯಲ್ಲಿ ಫ್ಯಾಟ್32 ಅಂತ ಇರುವ, 100 ರಿಂದ 300 ಎಂಬಿಯೊಳಗಿನ ಚಿಕ್ಕ ಪಾರ್ಟಿಷನ್ ಹುಡುಕಿ. ನಿಮ್ಮ ಪೆನ್‌ಡ್ರೈವ್ ಕೂಡ ಫ್ಯಾಟ್32 ಇರುತ್ತದೆ, ಸೈಜ್ ನೋಡದೆ ಅದನ್ನೇ ಆರಿಸಿಬಿಡಬೇಡಿ. ಅದರ ಸಂಖ್ಯೆ 3 ಅಂತಿಟ್ಟುಕೊಳ್ಳಿ: ಸೆಲೆಕ್ಟ್ ವಾಲ್ಯೂಮ್ 3, ಎಂಟರ್. ಅಸೈನ್, ಸ್ಪೇಸ್, ಲೆಟರ್, ಸಮ ಚಿಹ್ನೆ, ಎಸ್, ಎಂಟರ್. ಎಕ್ಸಿಟ್. ಇನ್ನು ಮುಖ್ಯ ಕಮಾಂಡ್: ಬಿ-ಸಿ-ಡಿ-ಬಿ-ಒ-ಒ-ಟಿ, ಸ್ಪೇಸ್, ಸಿ ಕೋಲನ್ ಬ್ಯಾಕ್‌ಸ್ಲ್ಯಾಷ್ ವಿಂಡೋಸ್, ಸ್ಪೇಸ್, ಸ್ಲ್ಯಾಷ್ ಎಸ್, ಸ್ಪೇಸ್, ಎಸ್ ಕೋಲನ್, ಸ್ಪೇಸ್, ಸ್ಲ್ಯಾಷ್ ಎಫ್, ಸ್ಪೇಸ್, ಯು-ಇ-ಎಫ್-ಐ. "ಬೂಟ್ ಫೈಲ್ಸ್ ಸಕ್ಸಸ್‌ಫುಲಿ ಕ್ರಿಯೇಟೆಡ್" ಅಂತ ಬಂದರೆ ಪೆನ್‌ಡ್ರೈವ್ ಕಿತ್ತು ರೀಸ್ಟಾರ್ಟ್ ಮಾಡಿ.

ಡಿಸ್ಕ್‌ಪಾರ್ಟ್ ಒಳಗೆ ಇರುವಾಗ ಕ್ಲೀನ್ ಅನ್ನುವ ಪದವನ್ನು, ಫಾರ್ಮ್ಯಾಟ್ ಅನ್ನುವ ಪದವನ್ನು ಯಾರು ಹೇಳಿದರೂ ಟೈಪ್ ಮಾಡಬೇಡಿ. ಆರಿಸಿದ ಡಿಸ್ಕ್ ಅಥವಾ ಪಾರ್ಟಿಷನ್ ಪೂರ್ತಿ ಖಾಲಿ, "ಖಚಿತವೇ?" ಅಂತ ಕೂಡ ಕೇಳುವುದಿಲ್ಲ.

"ರೀಸೆಟ್ ದಿಸ್ ಪಿಸಿ" ಕೊನೆಯದು. "ಕೀಪ್ ಮೈ ಫೈಲ್ಸ್" ಆರಿಸಿದರೂ ನೀವು ಹಾಕಿಕೊಂಡ ಪ್ರೋಗ್ರಾಮ್‌ಗಳೆಲ್ಲ ಹೋಗುತ್ತವೆ. 6ನೇ ಹಂತ ಮುಗಿಸದೆ ಇದನ್ನು ಮುಟ್ಟಬೇಡಿ.

8. ವಿಂಡೋಸ್ ಎದ್ದ ಮೇಲೆ

ಎದ್ದಿತು ಅಂತ ಅಲ್ಲಿಗೇ ಬಿಟ್ಟರೆ ಮುಂದಿನ ಸಲವೂ ಇದೇ ಪಾಡು. ಕಮಾಂಡ್ ಪ್ರಾಂಪ್ಟ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಆರ್-ಇ-ಎ-ಜಿ-ಇ-ಎನ್-ಟಿ-ಸಿ, ಸ್ಪೇಸ್, ಸ್ಲ್ಯಾಷ್ ಇನ್ಫೋ ಅಂತ ಕೊಡಿ. ಎನೇಬಲ್ಡ್ ಅಂದರೆ ರಿಕವರಿ ಇದೆ. ಡಿಸೇಬಲ್ಡ್ ಅಂದರೆ ಅದೇ ಕಮಾಂಡ್‌ನ ಕೊನೆಯಲ್ಲಿ ಇನ್ಫೋ ಬದಲು ಎನೇಬಲ್ ಹಾಕಿ. ಇಮೇಜ್ ಸಿಗಲಿಲ್ಲ ಅಂತ ಬೈದರೆ ವಿನ್‌ಆರ್‌ಇ ಫೈಲೇ ಇಲ್ಲ ಅಂತ ಅರ್ಥ. ಆಗ ಸುಲಭ ದಾರಿ, ತಯಾರಿಸಿದ ಆ ಪೆನ್‌ಡ್ರೈವ್ ಅನ್ನು ಅಳಿಸದೆ ಹಾಗೇ ಎತ್ತಿಡುವುದು. 2024ರ ಜನವರಿಯಲ್ಲಿ ಬಂದ ಕೆಬಿ5034441 ಅಪ್‌ಡೇಟ್ ಬಹಳ ಜನರ ವಿಂಡೋಸ್ 10ರಲ್ಲಿ ಕೂರದೇ ಇದ್ದದ್ದೂ ರಿಕವರಿ ಪಾರ್ಟಿಷನ್‌ನಲ್ಲಿ 250 ಎಂಬಿ ಖಾಲಿ ಜಾಗ ಇಲ್ಲದ್ದಕ್ಕೆ. ಅಂಥ ಎರರ್ ನಿಮಗೂ ಬಂದಿದ್ದು ನೆನಪಿದ್ದರೆ ಈ ಪರೀಕ್ಷೆ ಇವತ್ತೇ ಮಾಡಿ.

ಏನು ಮಾಡಿದರೂ ಆಗದೆ ಅಂಗಡಿಗೆ ಒಯ್ಯುವುದಾದರೆ, ಕೊಡುವಾಗಲೇ "ಡೇಟಾ ಬೇಕು, ನನ್ನನ್ನು ಕೇಳದೆ ಫಾರ್ಮ್ಯಾಟ್ ಮಾಡಬೇಡಿ" ಅಂತ ಬಿಲ್ ಮೇಲೆ ಬರೆಸಿ, ಒಂದು ಫೋಟೊ ತೆಗೆದುಕೊಳ್ಳಿ. ಬಿಟ್‌ಲಾಕರ್ ಕೀ ಬೇಕೇ ಬೇಕು ಅಂದರೆ ಕೀ ಮಾತ್ರ ಕೊಡಿ, ಮೈಕ್ರೋಸಾಫ್ಟ್ ಅಕೌಂಟ್‌ನ ಪಾಸ್‌ವರ್ಡ್ ಬೇಡ. ಡಿಸ್ಕ್ ಸದ್ದು ಮಾಡುತ್ತಿದ್ದು ಅದರಲ್ಲಿರುವುದು ಬೇಕೇ ಬೇಕು ಅಂದರೆ ಮಾಮೂಲಿ ರಿಪೇರಿ ಅಂಗಡಿ ಬೇಡ, ಡೇಟಾ ರಿಕವರಿಯನ್ನೇ ಮಾಡುವವರ ಹತ್ತಿರ ಹೋಗಿ, ಮತ್ತು ಖರ್ಚು ಎಷ್ಟು, ಫೈಲ್ ಸಿಗದಿದ್ದರೂ ದುಡ್ಡು ಕೊಡಬೇಕೇ ಅಂತ ಡಿಸ್ಕ್ ಬಿಚ್ಚುವ ಮುಂಚೆಯೇ ಕೇಳಿಕೊಳ್ಳಿ.